ಜಾತ್ರೆಯ ಬಳಗ ಮತ್ತು ಸ್ಪ್ರಿಂಗ್ ರೋಲ್

ವಿಜಯಪುರ, 11 ಜನವರಿ 2025, ಶನಿವಾರ ರಾತ್ರಿ

ಮಗಳ ಹುಟ್ಟುಹಬ್ಬಕ್ಕೆ ಬರುವವರಲ್ಲಿ ಹೆಚ್ಚಿನವರು ಸಿದ್ಧೇಶ್ವರ ಜಾತ್ರೆಗೆಂದು ಊರಿಗೆ ಬಂದಿಳಿದ ಬಳಗದವರೇ ಎಂದು ತಿಳಿದಾಗಲೇ, ಅವಳ ಆಸೆಗೂ ಅವರ ನಾಲಿಗೆಗೂ ತಾಳೆಯಾಗುವುದು ಕಷ್ಟವೆಂದು ನನಗೆ ಅನಿಸಿತ್ತು. ಅವಳಿಗೆ ಸ್ಪ್ರಿಂಗ್ ರೋಲೇ ಬೇಕು. ಅವರಿಗೆ ಮಿರ್ಚಿ ಭಜಿ, ಚುರಮುರಿ, ಚಹಾ ಇದ್ದರೆ ಬೇರೇನೂ ಬೇಡ. "ಮಂದಿ ಅದನ್ನ ಮುಟ್ಟಂಗಿಲ್ಲ ನೋಡು, ಭಜಿನೂ ಮಾಡಿಡು" ಎಂದು ಅತ್ತೆಯವರು ಮುಂಜಾನೆಯೇ ಕಡಲೆ ಹಿಟ್ಟಿನ ಡಬ್ಬಿಯನ್ನು ಕಟ್ಟೆಯ ಮೇಲೆ ತಂದಿಟ್ಟರು.

ಅವರಿಗೆ ಪರಿಚಯವಿಲ್ಲದ ಯಾವ ಕಾಯಿಪಲ್ಲೆಯನ್ನೂ ಹಾಕಬಾರದೆಂದು ನಾನು ನಿರ್ಧರಿಸಿದ್ದೆ. ಕೋಸು, ಗಜ್ಜರಿ, ಡಬ್ಬು ಮೆಣಸಿನಕಾಯಿ, ಉಳ್ಳಾಗಡ್ಡಿ ತಪ್ಪಲು, ಸ್ವಲ್ಪ ಬಳ್ಳೊಳ್ಳಿ, ಶುಂಠಿ, ಮೆಣಸಿನ ಪುಡಿ, ಇಷ್ಟೇ. ಸೋಯಾ ಸಾಸ್‌ನ ಕಪ್ಪು ಬಣ್ಣ ಮತ್ತು ವಾಸನೆಯೇ ಹಿರಿಯರನ್ನು ದೂರ ಸರಿಸುವುದರಿಂದ ಅರ್ಧ ಕಿಲೋ ಪಲ್ಲೆಗೆ ಒಂದೇ ಚಮಚ ಬಿಟ್ಟು, ವಿನೆಗರ್ ಬದಲು ಇಂಡಿ ಊರಿನ ಕಾಕಾ ತಮ್ಮ ತೋಟದಿಂದ ಚೀಲ ತುಂಬಿ ತಂದ ನಿಂಬೆಹಣ್ಣನ್ನೇ ಹಿಂಡಿದೆ. ಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಇರುವುದರಿಂದ ಉರಿಯನ್ನು ಜೋರಾಗಿಟ್ಟು ಎರಡು ಮೂರು ನಿಮಿಷ ಮಾತ್ರ ಬಾಡಿಸಬೇಕು, ಉಪ್ಪನ್ನು ಕೊನೆಗೆ ಹಾಕಬೇಕು, ಆಮೇಲೆ ತಾಟಿನಲ್ಲಿ ಹರಡಿ ಫ್ಯಾನಿನ ಕೆಳಗೆ ಪೂರ್ತಿ ಆರಿಸಬೇಕು. ಬಿಸಿಯಿರುವಾಗಲೇ ಸುತ್ತಿದರೆ ಹಬೆಗೆ ಹಾಳೆ ಮೆತ್ತಗಾಗಿ ಎಣ್ಣೆಯಲ್ಲಿ ಒಡೆಯುತ್ತದೆ.

ಹಾಳೆ ಮಾಡುವ ಹೊತ್ತಿಗೆ ಕಾಕಾ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕಾಲು ಕಿಲೋ ಮೈದಾವನ್ನು ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ನಾದಿಟ್ಟಿದ್ದೆ. ಪೂರಿಯಷ್ಟಗಲ ಲಟ್ಟಿಸಿ, ಮೇಲೆ ಎಣ್ಣೆ ಸವರಿ, ಒಣಹಿಟ್ಟು ಉದುರಿಸಿ, ಹೀಗೆ ನಾಲ್ಕನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೇ ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಕಲೆ ಬೀಳದಂತೆ ಎರಡೂ ಬದಿ ಬಾಡಿಸಿ, ಬಿಸಿಯಿದ್ದಾಗಲೇ ಅಂಚಿನಿಂದ ಬಿಡಿಸುತ್ತಿದ್ದೆ. ಒಂದು ದಪ್ಪ ಹಾಳೆಯೊಳಗಿಂದ ನಾಲ್ಕು ತೆಳು ಹಾಳೆ ಎದ್ದು ಬರುವುದನ್ನು ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಆಮೇಲೆ, ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಪ್ರಶ್ನೆ ಬಂತು.

"ತಂಗೀ, ಇದರಾಗ ತತ್ತಿ ಹಾಕತಾರಂತಲ್ಲ?"

"ಕೆಲವು ಕಡೆ ಹಾಕತಾರ್ರಿ ಕಾಕಾ. ಅಂಚು ಅಂಟಸಾಕೂ ತತ್ತಿ ಹಚ್ಚತಾರ. ನಾ ಮೈದಾ ನೀರಾಗ ಕಲಸಿ ಹಚ್ಚೀನಿ, ಇಲ್ಲೇ ಬಟ್ಟಲದಾಗ ಐತಿ, ನೋಡ್ರಿ."

ಅವರು ಬಟ್ಟಲನ್ನು ನಿಜವಾಗಿಯೂ ಇಣುಕಿ ನೋಡಿದರು. ನನ್ನ ವಾರಿಗೆಯವರು ಇಂಥ ಪ್ರಶ್ನೆಯನ್ನು ಹಳೆಯ ಕಾಲದವರ ಹಟವೆಂದು ನಕ್ಕುಬಿಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಜೀವಮಾನವಿಡೀ ಒಂದು ನೇಮ ಪಾಲಿಸಿದವರಿಗೆ, ಮುಚ್ಚಿ ಕರಿದ ತಿನಿಸಿನ ಒಳಗೆ ಏನಿದೆ ಎಂದು ಕೇಳುವ ಹಕ್ಕಿದೆ. ಮಿರ್ಚಿ ಭಜಿಯಲ್ಲಿ ತೊಟ್ಟು ಹೊರಗೇ ಇರುತ್ತದೆ, ಯಾರೂ ಕೇಳಬೇಕಾಗಿಲ್ಲ. ಆದ್ದರಿಂದ ಒಂದೊಂದು ರೋಲನ್ನೂ ಓರೆಯಾಗಿ ಎರಡು ಮಾಡಿ, ಗಜ್ಜರಿಯ ಕೆಂಪು, ತಪ್ಪಲಿನ ಹಸಿರು ಕಾಣುವಂತೆ ತಾಟಿನಲ್ಲಿ ನಿಲ್ಲಿಸಬೇಕೆಂದು ಅಲ್ಲಿಯೇ ತೀರ್ಮಾನಿಸಿದೆ. ಪಲ್ಲೆಯನ್ನು ಸಣ್ಣಗೆ ಕೊಚ್ಚದೆ ಉದ್ದುದ್ದ ಹೆಚ್ಚಿದ್ದು ಇದಕ್ಕೆ ಅನುಕೂಲವಾಯಿತು.

ಚೀನಾದಲ್ಲಿ ವಸಂತ ಹಬ್ಬದ ದಿನಗಳಲ್ಲಿ ಇದನ್ನು ತಿನ್ನುತ್ತಾರೆ, ಕರಿದಾಗ ಬಂಗಾರದ ಗಟ್ಟಿಯ ಬಣ್ಣ ಬರುವುದರಿಂದ ಸಂಪತ್ತಿನ ಗುರುತೆಂದು ಭಾವಿಸುತ್ತಾರೆ ಎಂದು ಹೇಳಿದೆ. "ಹಂಗಾರ ತೊಲಿಗೆ ಎಷ್ಟ ಹಚ್ಚೀಯವಾ?" ಎಂದರು ಕಾಕಾ. ಅತ್ತೆಯವರೂ ನಕ್ಕರು, ಆದರೆ ಭಜಿಯ ಹಿಟ್ಟು ಕಲಸುವುದನ್ನು ನಿಲ್ಲಿಸಲಿಲ್ಲ.

ಅಂಟಿಸಿದ ಬದಿಯನ್ನು ಕೆಳಗೆ ಮಾಡಿ ಮಧ್ಯಮ ಉರಿಯಲ್ಲಿ ಕರಿದೆ. ಮಕ್ಕಳಿಗೆ ಟೊಮೆಟೊ ಸಾಸ್, ಹಿರಿಯರಿಗೆ ಮೊಸರು ಕಲಸಿದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಕೇಕು, ಫೋಟೊ, ಗದ್ದಲ ಎಲ್ಲವೂ ಮುಗಿದವು. ಭಜಿಯೇ ಮೊದಲು ಖಾಲಿಯಾಯಿತು, ಅದು ನಿರೀಕ್ಷಿತವೇ. ಆದರೆ ಶೇಂಗಾ ಹಿಂಡಿಯ ಬಟ್ಟಲು ಎರಡನೆಯ ಸಲ ತುಂಬಬೇಕಾದದ್ದು ರೋಲುಗಳಿಂದ. ಕಾಕಾ ಮೊದಲು ಒಂದು ತುಂಡಿನ ಒಳಗನ್ನು ಬೆರಳಿನಿಂದ ಬಿಡಿಸಿ ನೋಡಿ, ಆಮೇಲೆ ತಿಂದರು, ಆಮೇಲೆ ಬಿಡಿಸದೆಯೇ ತಿಂದರು.

ಕಾಲು ಬಹಳ ನೋಯುತ್ತಿವೆ. ಎಣ್ಣೆ ಸೋಸುವುದು ನಾಳೆಗಿರಲಿ.

ಕೈ ತೊಳೆಯುವಾಗ ಕಾಕಾ ಕೇಳಿದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ: "ಮೈದಾ ಯಾಕ, ನಮ್ಮ ಜ್ವಾಳದ ಹಿಟ್ಟಿಲೆ ಆಗಂಗಿಲ್ಲೇನು?" ಜೋಳದಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಇಲ್ಲ, ಅದಕ್ಕೇ ಕುದಿಯುವ ನೀರು ಹಾಕಿ ಹಿಟ್ಟು ಕೂಡಿಸಿ ರೊಟ್ಟಿಯನ್ನು ಕೈಯಿಂದ ಬಡಿಯುತ್ತೇವೆ, ಇಷ್ಟು ತೆಳ್ಳಗೆ ಎಳೆದರೆ ಹರಿಯುತ್ತದೆ ಎಂದು ಹೇಳಿದೆ. ಅವರು ಒಪ್ಪಿದಂತೆ ಕಾಣಲಿಲ್ಲ. ನಾಲ್ಕರಲ್ಲಿ ಒಂದು ಪಾಲು ಜೋಳದ ಹಿಟ್ಟು ಬೆರೆಸಿದರೆ ಮೈದಾ ಹಿಡಿದುಕೊಳ್ಳಬಹುದು, ಸುತ್ತುವುದೂ ಆದೀತು, ಆದರೆ ಹಂಚಿನಿಂದ ತೆಗೆದು ಹಾಳೆ ಬಿಡಿಸುವಾಗ, ಎರಡೆರಡೇ ಇಟ್ಟು ಲಟ್ಟಿಸಿದರೆ ಒಂದು ವೇಳೆ...