ಬಟ್ ಪ್ಲೇಟ್ ಅಡಿಯ ಚೀಟಿ

10 ನವೆಂಬರ್ 2024, ಭಾನುವಾರ

ಬೆಳಿಗ್ಗೆ ನನ್ನ ಸಂಗ್ರಹದ ಸ್ವಿಸ್ ಸೇನಾ ರೈಫಲ್ ಕೆ31ರ ಬಟ್ ಪ್ಲೇಟ್, ಅಂದರೆ ಹೆಗಲಿಗೆ ಒತ್ತುವ ತುದಿಯ ಲೋಹದ ಫಲಕ, ಬಿಚ್ಚಿದೆ. ಎರಡೇ ಸ್ಕ್ರೂ. ಒಳಗೆ ಮರಕ್ಕೂ ಲೋಹಕ್ಕೂ ನಡುವೆ ಮಡಚಿಟ್ಟ ಒಂದು ಸಣ್ಣ ಚೀಟಿ ಸಿಕ್ಕಿತು! ಸ್ವಿಟ್ಜರ್ಲೆಂಡಿನ ಸೈನಿಕರು ತಮ್ಮ ರೈಫಲನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು, ಅದು ಯಾರದ್ದು ಅಂತ ಗೊತ್ತಾಗಲಿ ಎಂದು ಹೆಸರು, ತುಕಡಿ ಬರೆದ ಚೀಟಿಯನ್ನು ಈ ಜಾಗದಲ್ಲಿ ಇಡುತ್ತಿದ್ದರು. ಎಲ್ಲ ಕೆ31ಗಳಲ್ಲೂ ಇದು ಉಳಿದಿರುವುದಿಲ್ಲ. ನನ್ನದರಲ್ಲಿ ಅಕ್ಷರ ಮಾಸಿದೆ, ಆದರೂ ಓದಬಹುದು. ಆತನ ಹೆಸರು ಇಲ್ಲಿ ಬರೆಯುವುದಿಲ್ಲ. ಫೋಟೋ ತೆಗೆದುಕೊಂಡು ಚೀಟಿಯನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟು ಸ್ಕ್ರೂ ಬಿಗಿದೆ.

ಇದೇ ಗುಂಗಿನಲ್ಲಿದ್ದಾಗ ಗೆಳೆಯನ ಫೋನ್ ಬಂತು. ಅವನಿಗೆ ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಸೇನಾ ರೈಫಲ್ ಲೀ-ಎನ್‌ಫೀಲ್ಡ್ ಸಿಕ್ಕಿದೆ, ಲೈಸೆನ್ಸ್ ಕಾಗದ ಎಲ್ಲ ಮುಗಿದಿದೆ, ಒಳ್ಳೇ ಖುಷಿಯಲ್ಲಿದ್ದ. "ಮರ ಪೂರ್ತಿ ಕಪ್ಪಾಗಿದೆ ಕಣೋ, ಸ್ಯಾಂಡ್ ಪೇಪರಲ್ಲಿ ಉಜ್ಜಿ ವಾರ್ನಿಶ್ ಹೊಡೆದರೆ ಹೊಸದರ ಹಾಗೆ ಆಗುತ್ತೆ ಅಲ್ವಾ?" ಅಂದ. ಬೇಡ ಮಾರಾಯ, ದಯವಿಟ್ಟು ಬೇಡ ಅಂತ ಕೇಳಿಕೊಂಡೆ. ಆ ಕಪ್ಪು ಬರೀ ಕೊಳೆ ಅಲ್ಲ, ನೂರು ವರ್ಷ ಹಚ್ಚಿದ ಅಗಸೆ ಎಣ್ಣೆ, ಎಷ್ಟೋ ಕೈಗಳ ಬೆವರು ಎಲ್ಲ ಸೇರಿ ಬಂದ ಬಣ್ಣ. ಉಜ್ಜಿದರೆ ಅದರ ಜೊತೆ ತಪಾಸಣೆಯ ಮುದ್ರೆಗಳೂ ಹೋಗುತ್ತವೆ. ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನುವುದಕ್ಕೆ ಒಂದು ಬಾಣದ ಗುರುತು ಇರುತ್ತದೆ, ಸೇನೆ ಅದನ್ನು ಮಾರಿಬಿಟ್ಟಿದ್ದರೆ ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿ ನಿಂತಿರುತ್ತವೆ. ಇಂಥ ಒಂದು ಗುರುತು ಹೋಯಿತು ಅಂದರೆ ಆ ಬಂದೂಕಿನ ಕಥೆಯಲ್ಲಿ ಒಂದು ಪುಟ ಹೋಯಿತು, ಮತ್ತೆ ಬರೆಯುವವರು ಯಾರೂ ಇಲ್ಲ.

ಜಪಾನಿನ ಅರಿಸಾಕಾ ರೈಫಲ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದರ ಮೇಲೆ 16 ಎಸಳಿನ ಸೇವಂತಿಗೆ ಇರುತ್ತದೆ, ಚಕ್ರವರ್ತಿಯ ಲಾಂಛನ. 1945ರ ಶರಣಾಗತಿಯ ಹೊತ್ತಿನಲ್ಲಿ ಎಷ್ಟೋ ರೈಫಲ್‌ಗಳ ಮೇಲಿನ ಆ ಹೂವನ್ನು ಉಜ್ಜಿ ಅಳಿಸಿದರು. ಹೂವು ಉಳಿದಿರುವುದಕ್ಕೆ ಸಂಗ್ರಹಕಾರರಲ್ಲಿ ಬೆಲೆ ಜಾಸ್ತಿ, ನಿಜ. ನನಗಂತೂ ಉಜ್ಜಿದ್ದೂ ಅಷ್ಟೇ ಇಷ್ಟ. ಸೋತ ಸೈನ್ಯ ಆಯುಧ ಒಪ್ಪಿಸಿದ ಗಳಿಗೆ ಆ ಗೀರುಗಳಲ್ಲೇ ಇದೆ. ಹಾಗೆಯೇ ಸೋವಿಯತ್ ಸೇನೆ ವಶಪಡಿಸಿಕೊಂಡ ಜರ್ಮನ್ 98ಕೆ ಮೌಸರ್ ರೈಫಲ್‌ಗಳು. ಅವುಗಳನ್ನು ಬಿಚ್ಚಿ, ಸಿಕ್ಕ ಸಿಕ್ಕ ಭಾಗ ಸೇರಿಸಿ ಜೋಡಿಸಿ, ಹೊಸದಾಗಿ ನಂಬರ್ ಕೆತ್ತಿ, ಮರಕ್ಕೆ ಅರಗಿನ ಲೇಪ ಬಳಿದು ಗೋದಾಮಿಗೆ ಹಾಕಿದರು. ಅಸಲಿ ನಂಬರ್ ಹೊಂದುವುದಿಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಅದೂ ಯುದ್ಧದ ಚರಿತ್ರೆಯೇ ಅಲ್ವಾ?

ನಂಬರ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಎಸ್‌ಎಂಎಲ್‌ಇಯಲ್ಲಿ, ಅಂದರೆ ಮೊದಲ ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡಿನಲ್ಲಿ, ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಭಾಗ), ಬ್ಯಾರಲ್ (ನಳಿಕೆ), ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಬಾಯಿ ಮುಚ್ಚುವ ಭಾಗ), ಗುರಿ ನೋಡುವ ಹಿಂದಿನ ಸೈಟ್, ಮೂತಿಯ ಕ್ಯಾಪ್, ಇಷ್ಟು ಕಡೆ ಒಂದೇ ನಂಬರ್ ಇರಬೇಕು. ಇದನ್ನು ಸುಮ್ನೆ ಮಾರಾಟದ ಬೆಲೆಗೋಸ್ಕರ ನೋಡುವವರೇ ಜಾಸ್ತಿ. ಆದರೆ ಬೋಲ್ಟ್ ಬೇರೆ ರೈಫಲಿನದ್ದಾದರೆ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಖಕ್ಕೂ ತೋಟಾ ಕೂರುವ ಜಾಗಕ್ಕೂ ನಡುವಿನ ಅಳತೆ, ತಪ್ಪಬಹುದು. ಆಗ ತೋಟಾ ಒಳಗೇ ಹರಿಯುವ ಅಪಾಯ ಇದೆ. ಆಮೇಲೆ ಬಂದ ನಂ.4 ಲೀ-ಎನ್‌ಫೀಲ್ಡ್ ರೈಫಲಿನಲ್ಲಿ ಈ ಅಳತೆ ಸರಿಮಾಡಲೆಂದೇ ಬೋಲ್ಟ್ ಹೆಡ್‌ಗಳನ್ನು 0ಯಿಂದ 3ರವರೆಗೆ ಬೇರೆ ಬೇರೆ ಉದ್ದದಲ್ಲಿ ಮಾಡಿದ್ದರು. ಗೇಜ್ ಹಾಕಿ ನೋಡದೆ, ಬಂದೂಕು ರಿಪೇರಿ ಬಲ್ಲವರಿಗೆ ತೋರಿಸದೆ ಯಾವ ಹಳೇ ರೈಫಲನ್ನೂ ಹಾರಿಸಬಾರದು.

ಹಾಗಾದರೆ ಏನನ್ನೂ ಮುಟ್ಟಲೇಬಾರದಾ ಅಂತ ಗೆಳೆಯ ಕೇಳಿದ. ತುಕ್ಕನ್ನು ನಿಲ್ಲಿಸಲೇಬೇಕು. ಹಳೇ ಸೇನಾ ತೋಟಾಗಳ ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಅದು ಸುಟ್ಟ ಮೇಲೆ ನಳಿಕೆಯ ಒಳಗೆ ಒಂದು ಥರದ ಉಪ್ಪು ಕೂರುತ್ತದೆ, ಆ ಉಪ್ಪು ಗಾಳಿಯಲ್ಲಿನ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ. ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಮರಕ್ಕೆ ಒಣ ಬಟ್ಟೆ, ತೀರಾ ಒಣಗಿದ್ದರೆ ಎರಡು ಹನಿ ಅಗಸೆ ಎಣ್ಣೆ. ಅಷ್ಟು ಸಾಕು.

ರಾತ್ರಿ ಊಟ ಆದ ಮೇಲೆ ಅಮೆರಿಕದ ಸೇನಾ ರೈಫಲ್ ಸ್ಪ್ರಿಂಗ್‌ಫೀಲ್ಡ್ 1903ರ ಬಗ್ಗೆ ಓದುತ್ತಾ ಕೂತೆ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ನಂಬರ್‌ಗಳನ್ನು ಹಾರಿಸಬೇಡಿ ಅಂತ ಈಗಲೂ ಹೇಳುತ್ತಾರೆ. ಆ ಕಾಲದಲ್ಲಿ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಕಣ್ಣಲ್ಲೇ ನೋಡಿ ಶಾಖ ಎಷ್ಟಿದೆ ಅಂತ ಅಂದಾಜು ಮಾಡುತ್ತಿದ್ದರು. ಬಿಸಿಲು ಜೋರಾಗಿದ್ದ ದಿನ ಅದೇ ಕೆಂಪು ಮಂಕಾಗಿ ಕಾಣುತ್ತದೆ, ಇನ್ನೂ ಕಾಯಬೇಕು ಅನಿಸುತ್ತದೆ, ಉಕ್ಕು ಅತಿಯಾಗಿ ಕಾದು ಪೆಡಸಾಗುತ್ತದೆ. 1917ರ ಹೊತ್ತಿಗೆ ಕೆಲವು ರಿಸೀವರ್‌ಗಳು ಒಡೆದೇ ಹೋದವು, 1918ರಲ್ಲಿ ಹದ ಮಾಡುವ ವಿಧಾನವನ್ನೇ ಬದಲಾಯಿಸಿದರು. ಅಂಥ ಕೆಳಗಿನ ನಂಬರಿನದ್ದೊಂದು ನನ್ನ ಸಂಗ್ರಹದಲ್ಲಿ ಇರಬೇಕು ಅಂತ ಬಹಳ ಆಸೆ ಇದೆ. ಸಿಕ್ಕರೆ ಅದನ್ನು ಹಾರಿಸುವುದಿಲ್ಲ. ಯಾವ ವರ್ಷದ್ದು, ಯಾವ ಬ್ಯಾರಲ್, ಯಾರ ಮುದ್ರೆ ಅಂತ ಓದಿ ಪುಸ್ತಕದಲ್ಲಿ ಬರೆದಿಡುತ್ತೇನೆ.