ಶಿಯಾನ್‌ನಲ್ಲಿ ಪುಲಕೇಶಿಯ ಜಾಡು

ಚೀನಾದ ಶಿಯಾನ್‌ಗೆ ಹೋಗುವ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬೆಳಿಗ್ಗೆ ಮಣ್ಣಿನ ಸೈನಿಕರನ್ನು ನೋಡಿ, ಸಂಜೆ ಕೋಟೆ ಗೋಡೆಯ ಮೇಲೆ ಸೈಕಲ್ ಹೊಡೆದು, ರಾತ್ರಿ ಮುಸ್ಲಿಂ ಬೀದಿಯಲ್ಲಿ ತಿಂದು ಬೀಜಿಂಗ್ ರೈಲು ಹತ್ತುತ್ತಾರೆ. ದಾಯಾನ್ ತಾ ಎಂಬ ಹಳೆಯ ಬೌದ್ಧ ಗೋಪುರದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡರೆ ಅದೇ ಹೆಚ್ಚು. ಕನ್ನಡಿಗರ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಆ ಊರಿನಲ್ಲಿ ನಮಗೆ ನೇರ ನಂಟಿರುವುದು ಈ ಗೋಪುರದ ಜೊತೆಗೇ.

ಶಾಲೆಯ ಪುಸ್ತಕದಲ್ಲಿ ಓದಿದ ಚೀನಾದ ಬೌದ್ಧ ಭಿಕ್ಷು ಹ್ಯೂಯೆನ್‌ತ್ಸಾಂಗ್ ಭಾರತದಿಂದ 645ರಲ್ಲಿ ಮರಳಿದ್ದು ಈ ಊರಿಗೆ. ಆಗ ಇದರ ಹೆಸರು ಚಾಂಗ್‌ಆನ್. ಚಕ್ರವರ್ತಿಯ ಅಪ್ಪಣೆ ಇಲ್ಲದೆ ಹೊರಟಿದ್ದವನು 657 ಸಂಸ್ಕೃತ ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಸಿಕೊಂಡು ಬಂದ. ಅವುಗಳನ್ನು ಬೆಂಕಿಯಿಂದ ಕಾಪಾಡಲೆಂದೇ 652ರಲ್ಲಿ ಈ ಗೋಪುರ ಎದ್ದಿತು. ಮೊದಲು ಐದು ಅಂತಸ್ತು ಇತ್ತು. ಈಗ ಏಳು ಇವೆ, ಎತ್ತರ ಸುಮಾರು 64 ಮೀಟರ್. ಅಂತರ್ಜಲ ಎತ್ತಿ ಎತ್ತಿ ನೆಲ ಕುಸಿದು, 1996ರ ಹೊತ್ತಿಗೆ ಗೋಪುರ ಸುಮಾರು ಒಂದು ಮೀಟರ್ ವಾಲಿತ್ತು. ನೀರೆತ್ತುವುದಕ್ಕೆ ಕಡಿವಾಣ ಬಿದ್ದ ಮೇಲೆ ವಾಲುವಿಕೆ ನಿಂತು, ನಿಧಾನವಾಗಿ ಹಿಂದೆ ಸರಿಯತೊಡಗಿದೆ.

ಗೋಪುರವಿರುವ ದೇವಸ್ಥಾನದ ಆವರಣಕ್ಕೆ ಹೋಗುವುದು ಬೇರೆ, ಗೋಪುರ ಹತ್ತುವ ಟಿಕೆಟ್ ಬೇರೆ. ಒಳಗಿನ ಮರದ ಮೆಟ್ಟಿಲು ಕಿರಿದು, ಮೇಲಿನ ಕಿಟಕಿಗಳಿಂದ ಕಾಣುವುದು ನೆಟ್ಟಗಿನ ರಸ್ತೆಗಳು. ಮೇಲೆ ಹತ್ತುವುದಕ್ಕಿಂತ ಬುಡದಲ್ಲಿ ಒಂದು ಸುತ್ತು ಹಾಕುವುದು ಮೇಲು. ದಕ್ಷಿಣದ ಬಾಗಿಲಿನ ಎರಡೂ ಪಕ್ಕದ ಗೂಡುಗಳಲ್ಲಿ ಎರಡು ಶಾಸನಗಳಿವೆ. 653ರಲ್ಲಿ ನೆಟ್ಟವು, ಅಕ್ಷರ ಸುಂದರ ಕೈಬರಹಕ್ಕೆ ಹೆಸರಾದ ಚು ಸುಯ್‌ಲಿಯಾಂಗ್‌ನದು. ಒಂದು ಹ್ಯೂಯೆನ್‌ತ್ಸಾಂಗ್‌ನ ಅನುವಾದಗಳಿಗೆ ಚಕ್ರವರ್ತಿ ತಾಯ್‌ಜೊಂಗ್ ಬರೆದ ಮುನ್ನುಡಿ, ಇನ್ನೊಂದು ಆ ಚಕ್ರವರ್ತಿಯ ಮಗನ ಬರಹ. ಒಂದನ್ನು ಬಲದಿಂದ ಎಡಕ್ಕೂ ಇನ್ನೊಂದನ್ನು ಎಡದಿಂದ ಬಲಕ್ಕೂ ಕೆತ್ತಿರುವುದರಿಂದ ಬಾಗಿಲಿನ ಎರಡೂ ಬದಿ ಸರಿತೂಗುತ್ತದೆ. ಪಶ್ಚಿಮದ ಬಾಗಿಲಿನ ಮೇಲ್ಗಲ್ಲನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿ ತೆಳುಗೆರೆಯಲ್ಲಿ ಟ್ಯಾಂಗ್ ರಾಜವಂಶದ ಕಾಲದ (7ರಿಂದ 10ನೇ ಶತಮಾನ) ಮರದ ಬುದ್ಧಮಂದಿರವೊಂದನ್ನು ಕಂಬ, ತೊಲೆ, ಮಾಡು ಸಮೇತ ಬಿಡಿಸಿದ್ದಾರೆ. ಆ ಕಾಲದ ಮರದ ಕಟ್ಟಡಗಳು ಉಳಿದಿರುವುದೇ ಬೆರಳೆಣಿಕೆಯಷ್ಟು, ಹಾಗಾಗಿ ವಾಸ್ತುಶಿಲ್ಪದ ಇತಿಹಾಸಕಾರರಿಗೆ ಈ ಕಲ್ಲು ದೊಡ್ಡ ಆಧಾರ. ಬಿಸಿಲು ಓರೆಯಾಗಿ ಬೀಳುವ ಮಧ್ಯಾಹ್ನದ ನಂತರ ಗೆರೆಗಳು ಚೆನ್ನಾಗಿ ಕಾಣುತ್ತವೆ.

ನಮ್ಮ ನಂಟು ಇರುವುದು 646ರಲ್ಲಿ ಹ್ಯೂಯೆನ್‌ತ್ಸಾಂಗ್ ಮುಗಿಸಿದ ಪ್ರವಾಸ ವರದಿಯಲ್ಲಿ. ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಅವನು ಹಾದುಹೋಗಿದ್ದ. ಅಲ್ಲಿನ ಜನ ಎತ್ತರದ ಆಳುಗಳು, ಸರಳ ಸ್ವಭಾವದವರು, ಉಪಕಾರ ಮರೆಯದವರು, ಅವಮಾನವಾದರೆ ಜೀವದ ಹಂಗು ತೊರೆದು ಸೇಡು ತೀರಿಸಿಕೊಳ್ಳುವವರು ಎಂದು ಬರೆದಿದ್ದಾನೆ. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆ ಇಲ್ಲ, ಹೆಂಗಸರ ಉಡುಪು ಕೊಡುತ್ತಾರಂತೆ. ಯುದ್ಧಕ್ಕೆ ಮುನ್ನ ಆನೆಗಳಿಗೆ ಹೆಂಡ ಕುಡಿಸುತ್ತಾರಂತೆ. ಹರ್ಷ ಪೂರ್ವದಿಂದ ಪಶ್ಚಿಮದವರೆಗೆ ಎಲ್ಲರನ್ನೂ ಗೆದ್ದ, ಈ ನಾಡಿನವರು ಮಾತ್ರ ಮಣಿಯಲಿಲ್ಲ ಎನ್ನುವ ಮಾತೂ ಇದೆ. ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಹೇಳಿದ್ದೂ ಇದನ್ನೇ. ರವಿಕೀರ್ತಿ ಪುಲಕೇಶಿಯ ಆಸ್ಥಾನದವನು, ಒಡೆಯನನ್ನು ಹೊಗಳುವುದು ಸಹಜ. ಈ ಭಿಕ್ಷುವೋ ಹರ್ಷನಿಂದ ಸನ್ಮಾನ ಪಡೆದವನು. ಹರ್ಷನ ಗೆಳೆಯನೇ ಹರ್ಷನ ಸೋಲಿಗೆ ಸಾಕ್ಷಿ ಹೇಳಿದ್ದಾನೆ ಎಂಬುದನ್ನು ನೆನೆದು ಆ ಬುಡದಲ್ಲಿ ನಿಂತರೆ ಮೈ ಜುಂ ಎನ್ನುತ್ತದೆ.

ಗೋಪುರದ ದಕ್ಷಿಣಕ್ಕೆ ಹ್ಯೂಯೆನ್‌ತ್ಸಾಂಗ್‌ನ ಕಂಚಿನ ಪ್ರತಿಮೆ ಇದೆ. ಅದರ ಆಚೆಯ ದೀಪಾಲಂಕಾರದ ಅಂಗಡಿ ಬೀದಿ, ಉತ್ತರದ ಸಂಗೀತ ಕಾರಂಜಿ, ಎರಡೂ ನನಗೆ ಹಿಡಿಸಲಿಲ್ಲ. ಆ ಸಮಯವನ್ನು ಊರಿಂದ ಸುಮಾರು 20 ಕಿಲೋಮೀಟರ್ ದಕ್ಷಿಣದ ಶಿಂಗ್‌ಜಿಯಾವ್ ದೇವಾಲಯಕ್ಕೆ ಕೊಡಿ. 664ರಲ್ಲಿ ತೀರಿಕೊಂಡ ಹ್ಯೂಯೆನ್‌ತ್ಸಾಂಗ್‌ನ ಅಸ್ಥಿಯನ್ನು 669ರಲ್ಲಿ ಇಲ್ಲಿಗೆ ತಂದರು. ಐದು ಅಂತಸ್ತಿನ ಇಟ್ಟಿಗೆ ಗೋಪುರ ಅವನದು, ಅಕ್ಕಪಕ್ಕದ ಚಿಕ್ಕವು ಇಬ್ಬರು ಶಿಷ್ಯರವು. ಅವರಲ್ಲೊಬ್ಬ ಕೊರಿಯಾದವನು. ಟ್ಯಾಕ್ಸಿಯಲ್ಲಿ ಹೋದರೆ ಚಾಲಕನಿಗೆ ಕಾಯಲು ಹೇಳಿ ದರ ಮೊದಲೇ ಮಾತಾಡಿಕೊಳ್ಳಿ. ಅಲ್ಲಿಂದ ವಾಪಸ್ ಗಾಡಿ ಸಿಗುವುದು ಕಷ್ಟ.

ಮಣ್ಣಿನ ಸೈನಿಕರ ಬಗ್ಗೆ ಎಲ್ಲರೂ ಬರೆದಿದ್ದಾರೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು, ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿಯ ಕಾವಲು ಪಡೆ. ಅಗೆದ ಮೂರು ಗುಂಡಿಗಳಲ್ಲಿ ಜನರೆಲ್ಲ ಮೊದಲು ಒಂದನೆಯದಕ್ಕೆ ನುಗ್ಗುತ್ತಾರೆ. ನೀವು ಮೂರು, ಎರಡು, ಒಂದು ಎಂಬ ಕ್ರಮದಲ್ಲಿ ಹೋಗಿ, ಚಿಕ್ಕದರಿಂದ ದೊಡ್ಡದಕ್ಕೆ. ಎರಡನೇ ಗುಂಡಿಯ ಕಟ್ಟಡದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಂಡಿಯೂರಿದ ಬಿಲ್ಲಾಳು ಇದ್ದಾನೆ. ಅವನ ಹಿಂದಕ್ಕೆ ಹೋಗಿ ಮೇಲೆತ್ತಿದ ಪಾದದ ಅಡಿ ನೋಡಿ. ಹೊಲಿಗೆಯ ಚುಕ್ಕಿಗಳು ಬೆರಳು, ಹಿಮ್ಮಡಿಯ ಕಡೆ ಒತ್ತಾಗಿ, ನಡುವೆ ವಿರಳವಾಗಿ ಇವೆ. ಸವೆಯುವಲ್ಲಿ ಬಿಗಿ ಹೊಲಿಗೆ ಹಾಕುವ ಚಮ್ಮಾರನ ಲೆಕ್ಕವನ್ನು ಶಿಲ್ಪಿ ಬಿಡಲಿಲ್ಲ. ಮೂರ್ತಿಗಳಿಗೆಲ್ಲ ಬಣ್ಣವಿತ್ತು. ಬಣ್ಣದ ಕೆಳಗಿನ ಅರಗಿನ ಪದರ ಒಣಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸುರುಟಿ ಉದುರುವುದರಿಂದ ಈಗ ಅಗೆತವೇ ನಿಧಾನ.

ಮಣ್ಣಿನ ಸೈನಿಕರಲ್ಲಿಗೆ ಹೋಗುವ ದಾರಿ ಸುಲಭ. ಮೆಟ್ರೋದ 1ನೇ ಮಾರ್ಗದಿಂದ 9ನೇ ಮಾರ್ಗಕ್ಕೆ ಬದಲಿಸಿ ಹುವಾಚಿಂಗ್‌ಚಿಯಲ್ಲಿ ಇಳಿದರೆ ಅಲ್ಲಿಂದ ಸಿಟಿ ಬಸ್ಸು ಇದೆ. ರೈಲು ನಿಲ್ದಾಣದ ಎದುರು ಕೂಗಿ ಕರೆಯುವ ಬಸ್ಸು ಹತ್ತಿದರೆ ನಕಲಿ ಪ್ರದರ್ಶನ, ಪಚ್ಚೆಕಲ್ಲಿನ ಅಂಗಡಿ ಸುತ್ತಿಸಿ ಅರ್ಧ ದಿನ ತಿನ್ನುತ್ತಾರೆ.

ನಮ್ಮ ಹುಡುಗರು ಹೆಚ್ಚು ಒದ್ದಾಡುವುದು ದುಡ್ಡಿನ ವಿಚಾರದಲ್ಲಿ. ಚೀನಾದಲ್ಲಿ ಮೊಬೈಲಿನಿಂದ ದುಡ್ಡು ಕೊಡುವ ಆ್ಯಪ್ ಅಲಿಪೇಗೆ ಜೋಡಿಸಲು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬೇಕು. ಭಾರತದ ಬ್ಯಾಂಕುಗಳು ವಿದೇಶಿ ಬಳಕೆಯನ್ನು ಮೊದಲಿಗೆ ಬಂದ್ ಮಾಡಿಯೇ ಕಾರ್ಡು ಕೊಡುತ್ತವೆ, ಹೊರಡುವ ಮುಂಚೆ ಅದನ್ನು ಆನ್ ಮಾಡಿಸಿ. ಓಟಿಪಿ ಬರುವುದು ಊರಿನ ಸಿಮ್ಮಿಗೆ. ರೋಮಿಂಗ್ ಇಲ್ಲದಿದ್ದರೆ ಕಾರ್ಡ್ ಜೋಡಿಸುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಆದ್ದರಿಂದ ಇದನ್ನು ಭಾರತದಲ್ಲೇ ಮುಗಿಸಿ. ಒಂದೇ ಬಾರಿಗೆ 200 ಯುವಾನ್ ಮೀರಿದರೆ ವಿದೇಶಿ ಕಾರ್ಡಿಗೆ ಶೇ 3 ಶುಲ್ಕ. ರೈಲಿಗೂ ಸ್ಮಾರಕಕ್ಕೂ ಪಾಸ್‌ಪೋರ್ಟ್ ಸಂಖ್ಯೆಯಲ್ಲೇ ಬುಕಿಂಗ್ ನಡೆಯುತ್ತದೆ. ಸರ್‌ನೇಮ್ ಇಲ್ಲದೆ ಒಂದೇ ಹೆಸರಿರುವವರು ಪಾಸ್‌ಪೋರ್ಟ್‌ನ ಕೆಳಗಿನ ಎರಡು ಸಾಲಿನಲ್ಲಿ ಹೇಗಿದೆಯೋ ಹಾಗೇ ತುಂಬಿ. ನಿಲ್ದಾಣದಲ್ಲಿ ಯಂತ್ರದ ಗೇಟು ತೆರೆಯದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ಇರುವ ಸಾಲಿಗೆ ಹೋಗಿ. ಅಕ್ಟೋಬರ್ 1ರಿಂದ ಒಂದು ವಾರ ಇಡೀ ದೇಶಕ್ಕೇ ರಜೆ, ಆಗ ಹೋಗಲೇಬೇಡಿ.

ಸಸ್ಯಾಹಾರಿಗಳಿಗೆ ಲಿಯಾಂಗ್‌ಪಿ ಎಂಬ ತಣ್ಣನೆಯ ನೂಡಲ್ಸ್ ಒಳ್ಳೆಯದು: ಹುಳಿ, ಬೆಳ್ಳುಳ್ಳಿ, ಸೌತೆಕಾಯಿ, ಮೆಣಸಿನೆಣ್ಣೆ. ಬೆಲ್ಟಿನಷ್ಟು ಅಗಲದ ಬಿಯಾಂಗ್‌ಬಿಯಾಂಗ್ ನೂಡಲ್ಸಿನ ಮೇಲೆ ಮೆಣಸಿನಪುಡಿ ಹಾಕಿ ಕಾದ ಎಣ್ಣೆ ಸುರಿದಾಗ ಒಗ್ಗರಣೆಯಂಥ ಚುಂಯ್ ಸದ್ದು, ಅಂಥದ್ದೇ ಘಮ. ಆದರೆ ಮಾಂಸದ ಚೂರು ಉದುರಿಸುವುದು ಅಲ್ಲಿ ವಾಡಿಕೆ, ಆರ್ಡರ್ ಮಾಡುವಾಗಲೇ ‘ಬು ಯಾವ್ ರೋ’, ಅಂದರೆ ಮಾಂಸ ಬೇಡ, ಎನ್ನಿ.

ಕೋಟೆ ಗೋಡೆಯ ಸುತ್ತು 13.7 ಕಿಲೋಮೀಟರ್. ಇಟ್ಟಿಗೆ ಹಾಸು ಎಬ್ಬಿಸಿ ಎಬ್ಬಿಸಿ ಕೂರಿಸುತ್ತದೆ. ಸೀಟು, ಬ್ರೇಕು ನೋಡಿಯೇ ಸೈಕಲ್ ಆರಿಸಿ, ದಕ್ಷಿಣದ ಯೊಂಗ್‌ನಿಂಗ್ ಬಾಗಿಲಿನಿಂದ ಹೊತ್ತು ಮುಳುಗುವ ಎರಡು ಗಂಟೆ ಮುಂಚೆ ಹೊರಡಿ. ಮಳೆ ಹನಿದರೆ ಬಾಡಿಗೆಗೆ ಸೈಕಲ್ ಕೊಡುವುದಿಲ್ಲ.