ಲವ್‌ಕ್ರಾಫ್ಟ್ ಗೊತ್ತು, ಓದುವುದು ಎಲ್ಲಿಂದ?

ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ, ಪುಸ್ತಕದ ಮಾತು ಬಂದಾಗಲೆಲ್ಲ ಯಾರಾದರೂ ನನ್ನನ್ನು ಇದೊಂದು ಕೇಳಿಯೇ ಕೇಳುತ್ತಾರೆ. 'ಲವ್‌ಕ್ರಾಫ್ಟ್ ಹೆಸರು ಗೊತ್ತು. ಆ ಕ್ಥುಲು ಗೊತ್ತು. ಒಂದು ಕಥೆಯನ್ನೂ ಓದಿಲ್ಲ. ಎಲ್ಲಿಂದ ಶುರು ಮಾಡಲಿ?' ಕೇಳುವವರು ಹೆಚ್ಚಾಗಿ ಕಾಲೇಜು ಮಕ್ಕಳು. ಲವ್‌ಕ್ರಾಫ್ಟ್ ಎಂಬ ಅಮೆರಿಕದ ಭಯದ ಕಥೆಗಾರ ಹುಟ್ಟಿಸಿದ ಕ್ಥುಲುವನ್ನು, ಮುಖದ ತುಂಬ ಆಕ್ಟೋಪಸ್ ಕೈಗಳಿರುವ ಆ ಹಸಿರು ಪ್ರಾಣಿಯನ್ನು, ಅವರು ಗೇಮ್‌ಗಳಲ್ಲಿ, ಟೀ ಶರ್ಟ್‌ಗಳ ಮೇಲೆ ನೋಡಿರುತ್ತಾರೆ.

ನನ್ನ ಉತ್ತರ ಯಾವಾಗಲೂ ಒಂದೇ. ಕ್ಥುಲುವನ್ನು ಸದ್ಯಕ್ಕೆ ಬಿಡಿ. 'ದ ಕಲರ್ ಔಟ್ ಆಫ್ ಸ್ಪೇಸ್' ಓದಿ. ಅದರಲ್ಲೂ ನೀವು ಕೊಡಗಿನವರಾದರೆ ಅದನ್ನೇ ಮೊದಲು ಓದಿ.

ಓದದೆಯೇ ಇಷ್ಟು ಜನರಿಗೆ ಈತ ಗೊತ್ತಿರುವುದಕ್ಕೆ ಕಾರಣ ಇದೆ. ಹೋವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್ ಹುಟ್ಟಿದ್ದು 1890ರಲ್ಲಿ, ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ. ತೀರಿಕೊಂಡಿದ್ದು 1937ರಲ್ಲಿ, ಅದೇ ಊರಿನಲ್ಲಿ, ಕರುಳಿನ ಕ್ಯಾನ್ಸರ್‌ನಿಂದ. ಆಗ ವಯಸ್ಸು 46. 'ವಿಯರ್ಡ್ ಟೇಲ್ಸ್'ನಂಥ ಅಗ್ಗದ ಪತ್ರಿಕೆಗಳಿಗೆ ಬರೆದ, ಬಡವನಾಗಿಯೇ ಸತ್ತ. ಆದರೆ ಗೆಳೆಯರಿಗೆ ಉದ್ದುದ್ದ ಪತ್ರ ಬರೆಯುತ್ತಿದ್ದ. ತಾನು ಹುಟ್ಟಿಸಿದ ದೇವರುಗಳನ್ನೂ ಊರುಗಳನ್ನೂ ಅವರ ಕಥೆಗಳಿಗೆ ಧಾರಾಳವಾಗಿ ಬಿಟ್ಟುಕೊಟ್ಟ. ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ ಎಂಬ ಇಬ್ಬರು 1939ರಲ್ಲಿ ಈತನ ಕಥೆಗಳನ್ನು ಉಳಿಸಲೆಂದೇ 'ಆರ್ಕಮ್ ಹೌಸ್' ಎಂಬ ಪ್ರಕಾಶನ ಕಟ್ಟಿದರು. 1981ರಲ್ಲಿ ಕ್ಥುಲು ಹೆಸರಿನ ಆಟ ಬಂತು. ಆಮೇಲೆ ಆ ಪ್ರಾಣಿ ಕಥೆಯನ್ನು ಬಿಟ್ಟು ತಾನೇ ಊರೂರು ತಿರುಗಿತು. ಹೀಗಾಗಿ ಜನಕ್ಕೆ ಪ್ರಾಣಿ ಗೊತ್ತು, ಅದರ ಹಿಂದಿನ ಭಯ ಗೊತ್ತಿಲ್ಲ.

ಆ ಭಯ ನೇರವಾಗಿ ಸಿಗುವುದು ನಾನು ಹೇಳಿದ ಕಥೆಯಲ್ಲಿ. ಅದು ಅಚ್ಚಾಗಿದ್ದು 1927ರಲ್ಲಿ. ಕಥೆ ನಡೆಯುವುದು 1882ರಲ್ಲಿ, ನೇಹಮ್ ಗಾರ್ಡನರ್ ಎಂಬ ರೈತನ ಜಮೀನಿನಲ್ಲಿ. ಬಾವಿಯ ಪಕ್ಕ ಆಕಾಶದಿಂದ ಒಂದು ಕಲ್ಲು ಬೀಳುತ್ತದೆ. ಪ್ರೊಫೆಸರ್‌ಗಳು ಬಂದು ಚೂರು ತೆಗೆದುಕೊಂಡು ಹೋಗುತ್ತಾರೆ. ಆ ಚೂರು ಇಟ್ಟಿದ್ದ ಗಾಜಿನ ಪಾತ್ರೆಯ ಸಮೇತ ಮಾಯವಾಗುತ್ತದೆ. ದಿನದಿನಕ್ಕೆ ಕುಗ್ಗುತ್ತಿದ್ದ ಕಲ್ಲು ಒಂದು ಗುಡುಗು ಮಳೆಯ ರಾತ್ರಿ ಪೂರ್ತಿ ಇಲ್ಲವಾಗುತ್ತದೆ. ಉಳಿಯುವುದು ಒಂದು ಬಣ್ಣ. ಭೂಮಿಯ ಮೇಲೆ ಯಾರೂ ನೋಡಿರದ ಬಣ್ಣ.

ಆ ವರ್ಷ ಹಣ್ಣು ಹಿಂದೆಂದೂ ಬಿಡದಷ್ಟು ಬಿಡುತ್ತದೆ. ಸೇಬು, ಪೇರು ಎಲ್ಲ ದಪ್ಪ ದಪ್ಪ, ಮಿರಮಿರ ಮಿಂಚುತ್ತವೆ. ನೇಹಮ್ ಹೆಚ್ಚು ಪೀಪಾಯಿ ತರಿಸುತ್ತಾನೆ. ಕಚ್ಚಿ ನೋಡಿದರೆ ಕಹಿ. ಒಂದೇ ಒಂದು ಹಣ್ಣೂ ಬಾಯಿಗಿಡುವಂತಿಲ್ಲ.

ತೋಟದವರ ಮನೆಯಲ್ಲಿ ಬೆಳೆದ ನನಗೆ ಇಲ್ಲಿ ಹೊಟ್ಟೆಯಲ್ಲಿ ಏನೋ ಆಯಿತು. ಕಾಫಿ ಗಿಡದ ಎಲೆ ಹಸಿರಾಗಿಯೇ ಇರುತ್ತದೆ, ಒಳಗೆ ಕಾಂಡಕೊರಕ ಹುಳು ಕೂತಿರುತ್ತದೆ. ನಿನ್ನೆ ಚೆನ್ನಾಗಿದ್ದ ಮೆಣಸಿನ ಬಳ್ಳಿ ಮಳೆಗಾಲದಲ್ಲಿ ದಿಢೀರ್ ಅಂತ ಸೊರಗುತ್ತದೆ. ಕಿತ್ತಳೆ ಗಿಡಗಳು ಒಂದೊಂದಾಗಿ ಹೋದ ತೋಟಗಳು ನಮ್ಮಲ್ಲಿ ಎಷ್ಟಿಲ್ಲ? ಅದಕ್ಕೆಲ್ಲ ಹೆಸರಿದೆ, ಔಷಧಿ ಇದೆ, ಕೇಳಲು ಜನ ಇದ್ದಾರೆ. ನೇಹಮ್‌ಗೆ ಇದ್ಯಾವುದೂ ಇಲ್ಲ. ಮಣ್ಣೇ ಕೆಟ್ಟಿದೆ ಎಂದು ಅವನಿಗೆ ಗೊತ್ತು, ಯಾಕೆ ಎಂದು ಗೊತ್ತಿಲ್ಲ. ಗಿಡಗಳು ರಾತ್ರಿ ಮಿಣುಗುತ್ತವೆ, ಗಾಳಿ ಇಲ್ಲದೆ ಕೊಂಬೆ ಅಲುಗುತ್ತವೆ, ಆಮೇಲೆ ಎಲ್ಲ ಬೂದಿಬಣ್ಣಕ್ಕೆ ತಿರುಗಿ ಪುಡಿಯಾಗುತ್ತವೆ. ಜಾನುವಾರು ಹಾಗೇ ಹೋಗುತ್ತವೆ. ಹೆಂಡತಿಗೆ ಬುದ್ಧಿ ಕೆಡುತ್ತದೆ, ಗಂಡುಮಕ್ಕಳು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಆದರೂ ಆ ಮನೆಯವರು ಅದೇ ಬಾವಿಯ ನೀರು ಕುಡಿಯುತ್ತಾ ಅಲ್ಲೇ ಇರುತ್ತಾರೆ.

'ಯಾಕೆ ಬಿಟ್ಟು ಹೋಗಲಿಲ್ಲ?' ಎಂದು ಪೇಟೆಯ ಗೆಳೆಯರು ಕೇಳುತ್ತಾರೆ. ನಮ್ಮವರು ಕೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದು ತೋಟಕ್ಕೆ ತೋಟವೇ ಕೆಳಗೆ ಬಂದದ್ದನ್ನು ನೋಡಿದವರಿಗೆ, ಅದಾದ ಮೇಲೂ ಉಳಿದ ಜಾಗಕ್ಕೆ ಹೋಗಿ ಕಸಿ ಮಾಡಿದವರಿಗೆ, ಆ ಪ್ರಶ್ನೆ ಬರುವುದೇ ಇಲ್ಲ. 2022ರ ಜೂನ್‌ನಲ್ಲಿ ಇಲ್ಲಿನ ಚೆಂಬು ಗ್ರಾಮದ ಕಡೆ ನೆಲದೊಳಗಿಂದ ಸದ್ದು ಬಂದು ಮನೆಗಳು ನಡುಗಿದವು. ಜನ ಹೊರಗೆ ಓಡಿದರು, ಆಮೇಲೆ ಮತ್ತೆ ಒಳಗೆ ಹೋದರು. ಇನ್ನೆಲ್ಲಿಗೆ ಹೋಗುತ್ತಾರೆ?

ಆ ಬಣ್ಣಕ್ಕೆ ನೇಹಮ್ ಮೇಲೆ ದ್ವೇಷ ಇಲ್ಲ. ಅವನು ಪಾಪ ಮಾಡಿಲ್ಲ, ಶಾಪ ತಗುಲಿಲ್ಲ. ಬಂತು, ತಿಂದಿತು, ಹೋಯಿತು. ಲವ್‌ಕ್ರಾಫ್ಟ್ ಹೊಸದಾಗಿ ತಂದಿದ್ದು ಇದೇ. ನಮ್ಮ ಕಡೆಯ ಭಯಗಳ ಜೊತೆ ಇದನ್ನು ಇಟ್ಟು ನೋಡಿ. ದೇವರಕಾಡಿನಲ್ಲಿ ಮರ ಕಡಿಯಬಾರದು, ಕಡಿದರೆ ಕೇಡು. ಮನೆತನದ ಮೂಲಪುರುಷನಾದ ಕಾರಣನಿಗೆ ಮೀದಿ, ಅಂದರೆ ಎಡೆ, ಇಡಬೇಕು, ಮರೆತರೆ ಅವನು ನೆನಪಿಸುತ್ತಾನೆ. ದೈವಗಳಾದ ಗುಳಿಗನಾಗಲಿ ಕುಟ್ಟಿಚಾತನಾಗಲಿ, ತೆರೆಯಲ್ಲಿ, ಅಂದರೆ ದೈವ ಮೈಮೇಲೆ ಬರುವ ಕೋಲದಲ್ಲಿ, ಎದುರು ಬಂದು ನಿಂತಾಗ ನಮ್ಮ ಕಷ್ಟ ಕೇಳಿಸಿಕೊಳ್ಳುತ್ತಾರೆ, ಬೈಯುತ್ತಾರೆ, ಅಭಯ ಕೊಡುತ್ತಾರೆ. ಎಷ್ಟೇ ಉಗ್ರ ದೈವವಾದರೂ ನಮಗೂ ಅದಕ್ಕೂ ಮಾತುಕತೆ ಇದೆ. ಲವ್‌ಕ್ರಾಫ್ಟ್ ಲೋಕದಲ್ಲಿ ಹರಕೆ ಹೊರಲು ಆ ಕಡೆ ಯಾರೂ ಇಲ್ಲ. ಅಂಥ ಲೋಕ ಹೇಗಿರುತ್ತದೆ ಎಂದು ನಮ್ಮಂಥವರಿಗೆ ಬೇಗ ತಾಗುತ್ತದೆ, ಅಲ್ಲಿ ಇಲ್ಲದ್ದು ಏನು ಅನ್ನುವುದು ನಮಗೆ ಗೊತ್ತಿದೆಯಲ್ಲ.

ಇದು ತಾಗಿದ ಮೇಲೆ 'ದ ಕಾಲ್ ಆಫ್ ಕ್ಥುಲು' ಎತ್ತಿಕೊಳ್ಳಿ. 1928ರಲ್ಲಿ ಬಂದ ಕಥೆ. ಪ್ರಾಣಿ ಕಾಣಿಸುವುದು ಕೊನೆಗೆ, ಅದೂ ಸ್ವಲ್ಪವೇ ಹೊತ್ತು. ಉಳಿದದ್ದೆಲ್ಲ ತೀರಿಕೊಂಡ ಅಜ್ಜನೊಬ್ಬನ ಕಾಗದಪತ್ರ, ಶಿಲ್ಪಿಯೊಬ್ಬನ ಕನಸು, ಪೊಲೀಸನೊಬ್ಬನ ಹೇಳಿಕೆ, ನಾವಿಕನೊಬ್ಬನ ಬರಹ. ಬಿಡಿ ಬಿಡಿ ಚೂರುಗಳನ್ನು ಜೋಡಿಸುತ್ತಾ ಹೋದಂತೆ ಹೆದರಿಕೆ ಏರುತ್ತದೆ. ಇಂಗ್ಲಿಷ್ ಕಷ್ಟ ಎನ್ನುವುದು ನಿಜ. ವಾಕ್ಯ ಉದ್ದ, ವಿಶೇಷಣ ಜಾಸ್ತಿ. ಡಿಕ್ಷನರಿ ಹಿಡಿದು ಕೂರಬೇಡಿ, ಜೋರಾಗಿ ಓದುತ್ತಾ ಹೋಗಿ, ಲಯ ಸಿಗುತ್ತದೆ. 'ನೆಕ್ರೊನಾಮಿಕಾನ್ ನಿಜವಾದ ಪುಸ್ತಕವಾ?' ಎಂದೂ ಕೆಲವರು ಕೇಳುತ್ತಾರೆ. ಅಲ್ಲ, ಅದು ಲವ್‌ಕ್ರಾಫ್ಟ್ ತನ್ನ ಕಥೆಗಳಿಗಾಗಿ ಕಟ್ಟಿದ ಮಾಟದ ಪುಸ್ತಕ. ಆ ಹೆಸರಲ್ಲಿ ಅಂಗಡಿಯಲ್ಲಿ ಸಿಗುವುದೆಲ್ಲ ಆಮೇಲೆ ಬೇರೆಯವರು ಬರೆದದ್ದು.

ಇನ್ನೊಂದನ್ನು ಹೇಳದೆ ಯಾರ ಕೈಗೂ ನಾನು ಈ ಪುಸ್ತಕ ಕೊಡುವುದಿಲ್ಲ. ಈತ ಜನಾಂಗದ್ವೇಷಿ. ಬಿಳಿಯರಲ್ಲದವರ ಬಗ್ಗೆ, ವಲಸೆ ಬಂದವರ ಬಗ್ಗೆ ಪತ್ರಗಳಲ್ಲೂ ಕಥೆಗಳಲ್ಲೂ ಹೊಲಸಾಗಿ ಬರೆದಿದ್ದಾನೆ. 'ದ ಹಾರರ್ ಅಟ್ ರೆಡ್ ಹುಕ್' ಎಂಬ ಕಥೆಯಲ್ಲಿ ಇರುವುದು ಬಹುಮಟ್ಟಿಗೆ ಅದೇ ವಿಷ. ಅದನ್ನು ಓದಬೇಡಿ ಎಂದೇ ಹೇಳುತ್ತೇನೆ. ಕಾಲ ಹಾಗಿತ್ತು ಎಂದು ತೇಲಿಸುವುದು ನನಗೆ ಸರಿ ಕಾಣುವುದಿಲ್ಲ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯಾಗಿ ಕೊಡುತ್ತಿದ್ದ ಈತನ ತಲೆಯ ಪ್ರತಿಮೆಯನ್ನು 2015ರ ನಂತರ ನಿಲ್ಲಿಸಿದರು. ಒಳ್ಳೆಯದೇ ಆಯಿತು.

ಇದನ್ನು ತಿಳಿದುಕೊಂಡೇ 'ಅಟ್ ದ ಮೌಂಟನ್ಸ್ ಆಫ್ ಮ್ಯಾಡ್ನೆಸ್' ಓದಬೇಕು, ಎಲ್ಲಕ್ಕಿಂತ ಕೊನೆಗೆ. 1931ರಲ್ಲಿ ಬರೆದದ್ದು. 'ವಿಯರ್ಡ್ ಟೇಲ್ಸ್' ಬೇಡ ಎಂದಿತು, 1936ರಲ್ಲಿ ಬೇರೆ ಪತ್ರಿಕೆಯಲ್ಲಿ ಬಂತು. ಅಂಟಾರ್ಕ್ಟಿಕಾಕ್ಕೆ ಹೋದ ವಿಜ್ಞಾನಿಗಳಿಗೆ ಹೆಪ್ಪುಗಟ್ಟಿದ ವಿಚಿತ್ರ ಜೀವಿಗಳು ಸಿಗುತ್ತವೆ. ತಲೆ ನಕ್ಷತ್ರದಂತೆ, ಮೈ ಪೀಪಾಯಿಯಂತೆ. ಅವು ಎಚ್ಚರಗೊಳ್ಳುತ್ತವೆ, ಮನುಷ್ಯರು ಸಾಯುತ್ತಾರೆ, ಕೊಯ್ದ ಹೆಣಗಳು ಸಿಗುತ್ತವೆ. ಆದರೆ ಅವು ಕಟ್ಟಿದ ನಗರ, ಗೋಡೆಗಳ ಮೇಲೆ ಕೆತ್ತಿಟ್ಟ ಅವುಗಳ ಚರಿತ್ರೆ ನೋಡುತ್ತಾ ಹೋದ ಹಾಗೆ ಕಥೆ ಹೇಳುವವನ ಮನಸ್ಸು ತಿರುಗುತ್ತದೆ. ಎಲ್ಲಿಂದಲೋ ಎದ್ದು, ನಾಯಿಗಳ ದಾಳಿಗೆ ಸಿಕ್ಕಿ, ಹೆದರಿ, ತಮ್ಮ ಊರು ಹುಡುಕಿಕೊಂಡು ಹೊರಟ ಪಾಪದ ಜೀವಿಗಳು ಅವು. ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು ಅನ್ನುತ್ತಾನೆ. ಅವು ಏನೇ ಆಗಿದ್ದರೂ ಮನುಷ್ಯರೇ ಆಗಿದ್ದವು ಅನ್ನುತ್ತಾನೆ. ಪಕ್ಕದ ಬೀದಿಯ ವಲಸೆಗಾರನಿಗೆ ಕೊನೆಯವರೆಗೂ ಕೊಡದ ಮಾತನ್ನು ಲವ್‌ಕ್ರಾಫ್ಟ್ ಇವಕ್ಕೆ ಕೊಟ್ಟಿದ್ದಾನೆ. ಆ ಪುಟ ಬಂದಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ಕಣ್ಣೂ ತುಂಬುತ್ತದೆ.